ಮಾರ್ಕ್ಸ್ ಹಾಕದ ಮೇಷ್ಟ್ರು

ಮೂವತ್ತೊಂದು ಸಣ್ಣ ಗಾಜಿನ ಸೀಸೆಗಳು. ಒಳಗೆ ಆಲ್ಕೋಹಾಲು, ಅದರಲ್ಲಿ ತೊರೆಯ ತಳದಿಂದ ಹಿಡಿದ ಹುಳುಗಳು. ಯಾವ ಸೀಸೆ ಯಾವ ಜಾಗದ್ದು ಅಂತ ಮಾತ್ರ ಒಂದರ ಮೇಲೂ ಇಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ನನ್ನ ವಿದ್ಯಾರ್ಥಿನಿ ಈ ಸೀಸೆಗಳ ಟ್ರೇ ತಂದು ಮೇಜಿನ ಮೇಲಿಟ್ಟಳು. ಕೂರು ಅಂದರೂ ಕೂರಲಿಲ್ಲ. ಹೆಸರುಗಳನ್ನೆಲ್ಲ ಮಾರ್ಕರಿನಲ್ಲಿ ಸೀಸೆಯ ಹೊರಗಡೆ ಬರೆದಿದ್ದಳಂತೆ. ಆಲ್ಕೋಹಾಲು ಸೋರಿ ಶಾಯಿ ಅಳಿಸಿಹೋಗಿತ್ತು. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ ಇದು: ಕಾಗದದ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಪೆನ್ಸಿಲ್ ಬರಹ ಕರಗುವುದಿಲ್ಲ. ಅವಳಿಗೆ ಇದನ್ನು ಹೇಳಿದ್ದೇನೆ ಅಂತಲೇ ನಾನು ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಹೇಳಿರಲಿಲ್ಲವೇನೋ.

ತಪ್ಪು ಆದದ್ದು ಜುಲೈನಲ್ಲಿ. ಅವಳ ಕಣ್ಣಿಗೆ ಬಿದ್ದದ್ದು ಸೆಪ್ಟೆಂಬರಿನಲ್ಲಿ. ನನಗೆ ಗೊತ್ತಾದದ್ದು ಮಾರ್ಚಿನಲ್ಲಿ, ಥೀಸಿಸ್ ಕೊಡಲು ಐದು ವಾರ ಉಳಿದಾಗ. ನಡುವಿನ ಆರು ತಿಂಗಳು ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ಬಂದು, ಎದುರು ಕೂತು, "ಎಲ್ಲಾ ಸರಿಯಾಗಿ ನಡೀತಿದೆ" ಅಂತ ಹೇಳಿ ಹೋಗುತ್ತಿದ್ದಳು. ನಾನು "ವೆರಿ ಗುಡ್" ಅನ್ನುತ್ತಿದ್ದೆ.

ಯಾಕಮ್ಮ ಮೊದಲೇ ಹೇಳಲಿಲ್ಲ ಅಂತ ಕೇಳಿದೆ.

"ಗ್ರೇಡ್ ಕೊಡುವವರು ನೀವೇ ಅಲ್ವಾ?" ಅಂದಳು.

ನಾನು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಕೆಲವು ವರ್ಷಗಳಿಂದ ಅಲ್ಲಿನ ಆನರ್ಸ್ ಪ್ರೋಗ್ರಾಮ್‌ಗೂ ಕೆಲಸ ಮಾಡುತ್ತಿದ್ದೇನೆ. ಆನರ್ಸ್ ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಡಿಗ್ರಿಯ ಹೆಸರಿನ ಬಾಲದಲ್ಲಿ ಬರುವ ಒಂದು ಪದ ನೆನಪಾಗುತ್ತದೆ. ಇಲ್ಲಿನದು ಬೇರೆ. ಸಾವಿರಾರು ಮಕ್ಕಳಿರುವ ದೊಡ್ಡ ಯೂನಿವರ್ಸಿಟಿಯ ಹೊಟ್ಟೆಯೊಳಗೆ ಒಂದು ಪುಟ್ಟ ಕಾಲೇಜು ಇದ್ದ ಹಾಗೆ. ಇನ್ನೂರು ಮುನ್ನೂರು ಜನರ ಹಾಲ್‌ಗೆ ಬದಲು ಹದಿನೈದು ಇಪ್ಪತ್ತು ಜನರ ಸೆಮಿನಾರು. ಮಾಮೂಲಿ ಕ್ಲಾಸಿನಲ್ಲೇ ಕೂತು, ಮೇಷ್ಟ್ರ ಜೊತೆ ಒಪ್ಪಂದ ಮಾಡಿಕೊಂಡು, ಹೆಚ್ಚಿನ ಕೆಲಸ ಮಾಡಿ ಆನರ್ಸ್ ಕ್ರೆಡಿಟ್ ಪಡೆಯುವ ದಾರಿಯೂ ಇದೆ. ಅದಕ್ಕೆ ಆನರ್ಸ್ ಕಾಂಟ್ರ್ಯಾಕ್ಟ್ ಅಂತಲೇ ಹೆಸರು. ಬಹಳ ಕಡೆ ಕೊನೆಯಲ್ಲಿ ಒಂದು ಥೀಸಿಸ್. ಅದಕ್ಕೊಬ್ಬ ಮೇಷ್ಟ್ರು ಮಾರ್ಗದರ್ಶಕರು, ಅವರ ಜೊತೆ ಇನ್ನೂ ಒಬ್ಬಿಬ್ಬರ ಕಮಿಟಿ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಎಲ್ಲರ ಸಹಿ. ಗ್ರೇಡ್ ಮಾತ್ರ ಮುಖ್ಯವಾಗಿ ಮಾರ್ಗದರ್ಶಕರ ಕೈಯಲ್ಲಿ.

ನನ್ನ ತಕರಾರು ಇರುವುದು ಈ ಕೊನೆಯ ವಾಕ್ಯದ ಬಗ್ಗೆಯೇ.

ಇದು ಹೀಗೇ ಶುರುವಾದದ್ದಲ್ಲ ಎನ್ನುವುದು ನನ್ನನ್ನು ಜಾಸ್ತಿ ಕಾಡುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಆನರ್ಸ್ ಪದ್ಧತಿಗೆ ಒಂದು ರೂಪ ಕೊಟ್ಟವರ ಸಾಲಿನಲ್ಲಿ ಮೊದಲು ಹೇಳುವ ಹೆಸರು ಫ್ರಾಂಕ್ ಐಡೆಲಾಟ್. ಇಂಡಿಯಾನಾದ ಸಣ್ಣ ಊರಿನ ಹುಡುಗ, ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಓದಿದವರು. ವಾಪಸ್ ಬಂದು ಇಂಗ್ಲಿಷ್ ಪಾಠ ಮಾಡಿಕೊಂಡಿದ್ದು, 1921ರಲ್ಲಿ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾದರು. ಮರುವರ್ಷ, 1922ರಲ್ಲಿ, ಆನರ್ಸ್ ಶುರು ಮಾಡಿದರು.

ಆಕ್ಸ್‌ಫರ್ಡ್‌ನಿಂದ ಅವರು ಏನು ತಂದರು ಅಂತ ಕೇಳಿದರೆ ಎಲ್ಲರೂ ಟ್ಯುಟೋರಿಯಲ್ ಅನ್ನುತ್ತಾರೆ. ವಾರಕ್ಕೊಂದು ಪ್ರಬಂಧ ಬರೆದು, ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳು ಟ್ಯೂಟರ್ ಎದುರು ಕೂತು ಅದನ್ನು ಸಮರ್ಥಿಸಿಕೊಳ್ಳುವ ಪದ್ಧತಿ. ನಿಜ, ಅದರ ನೆರಳು ಸ್ವಾರ್ತ್‌ಮೋರ್‌ನ ಸೆಮಿನಾರುಗಳಲ್ಲಿ ಕಾಣುತ್ತದೆ. ಬೆರಳೆಣಿಕೆಯ ವಿದ್ಯಾರ್ಥಿಗಳು ಮೊದಲೇ ಬರೆದ ಪೇಪರನ್ನು ಹಂಚಿಕೊಂಡು, ವಾರಕ್ಕೊಮ್ಮೆ ಗಂಟೆಗಟ್ಟಲೆ ಕೂತು ಚರ್ಚೆ ಮಾಡುತ್ತಾರೆ. ಆದರೆ ಆಕ್ಸ್‌ಫರ್ಡ್‌ನಲ್ಲಿ ಇನ್ನೊಂದು ಏರ್ಪಾಡು ಇದೆ, ಅದು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಪಾಠ ಹೇಳುವುದು ಕಾಲೇಜಿನ ಟ್ಯೂಟರ್. ಕೊನೆಯ ಪರೀಕ್ಷೆ ನಡೆಸುವುದು ಯೂನಿವರ್ಸಿಟಿ. ವಾರವಾರ ನಿಮ್ಮ ಪ್ರಬಂಧವನ್ನು ಚಿಂದಿ ಮಾಡುವ ಟ್ಯೂಟರ್ ಕೊಡುವ ಅಭಿಪ್ರಾಯದ ಮೇಲೆ ನಿಮ್ಮ ಡಿಗ್ರಿ ಫಸ್ಟ್ ಕ್ಲಾಸೋ ಸೆಕೆಂಡ್ ಕ್ಲಾಸೋ ಅನ್ನುವುದು ನಿರ್ಧಾರವಾಗುವುದಿಲ್ಲ.

ಐಡೆಲಾಟ್ ಇದನ್ನೂ ಕಟ್ಟಿಕೊಂಡು ಬಂದರು. ಸ್ವಾರ್ತ್‌ಮೋರ್‌ನಲ್ಲಿ ಆನರ್ಸ್ ವಿದ್ಯಾರ್ಥಿಗಳನ್ನು ಪರೀಕ್ಷಿಸಲು ಹೊರಗಿನ ಕಾಲೇಜು, ಯೂನಿವರ್ಸಿಟಿಗಳಿಂದ ವಿದ್ವಾಂಸರು ಬರುತ್ತಾರೆ. ಲಿಖಿತ ಪರೀಕ್ಷೆ, ಆಮೇಲೆ ಮುಖಾಮುಖಿ ಮೌಖಿಕ. ಆನರ್ಸ್, ಹೈ ಆನರ್ಸ್, ಹೈಯೆಸ್ಟ್ ಆನರ್ಸ್, ಯಾವುದು ಯಾರಿಗೆ ಅಂತ ತೀರ್ಮಾನ ಮಾಡುವುದು ಆ ಹೊರಗಿನವರು. ನೂರು ವರ್ಷ ದಾಟಿದರೂ ಈ ಪದ್ಧತಿ ಅಲ್ಲಿ ನಿಂತಿಲ್ಲ.

ಇಂಥದ್ದೇ ಪದ್ಧತಿ ಇರುವ ಒಂದು ಸಣ್ಣ ಕಾಲೇಜಿಗೆ ನಾನೂ ಒಮ್ಮೆ ಪರೀಕ್ಷಕನಾಗಿ ಹೋಗಿದ್ದೆ. ಒಳಗೆ ಹುಡುಗನೊಬ್ಬ ಉತ್ತರ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ನೀರು ಕುಡಿಯಲು ಹೊರಗೆ ಬಂದರೆ, ಕಾರಿಡಾರಿನಲ್ಲಿ ಅವನ ಮೇಷ್ಟ್ರು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಾರೆ. ಅರವತ್ತು ದಾಟಿದ ಮನುಷ್ಯ, ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರು. ನನ್ನನ್ನು ನೋಡಿ ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡಸಿನ ಹಾಗೆ ಮುಖ ಮಾಡಿದರು. ಏನೂ ಕೇಳುವ ಹಾಗಿರಲಿಲ್ಲ, ಕೇಳಲೂ ಇಲ್ಲ. ನಾನು ಸುಮ್ನೆ ನೀರು ಕುಡಿದು ಒಳಗೆ ಹೋದೆ.

ಅವತ್ತು ನನಗೆ ಹೊಟ್ಟೆಕಿಚ್ಚಾಯಿತು. ಆ ಮೇಷ್ಟ್ರು ಆ ಹುಡುಗನ ಪಕ್ಷದವರು. ವರ್ಷವಿಡೀ ಇಬ್ಬರೂ ಕೂಡಿ ಯಾರೋ ಮೂರನೆಯವರಿಗೆ ತಯಾರಾಗುತ್ತಿದ್ದರು. "ಈ ಅಧ್ಯಾಯ ನನಗೆ ಅರ್ಥವೇ ಆಗಿಲ್ಲ" ಅಂತ ಹುಡುಗ ಹೇಳಿದರೆ ಅವನಿಗೇ ಲಾಭ. ಹೇಳದಿದ್ದರೆ ಮೇಷ್ಟ್ರಿಗೂ ಅವಮಾನ. ನನ್ನ ಕೋಣೆಯಲ್ಲಿ ಅದೇ ಮಾತು ಹೇಳಿದರೆ ಹೇಳಿದವರ ಗ್ರೇಡಿಗೇ ಕುತ್ತು. ಕಡೇ ಪಕ್ಷ ಅವರಿಗೆ ಹಾಗೆ ಅನಿಸುತ್ತದೆ. ನಾನೆಷ್ಟೇ ನಗುನಗುತ್ತಾ, "ತಪ್ಪು ಮಾಡಿ, ಪರವಾಗಿಲ್ಲ, ವಿಜ್ಞಾನ ಅಂದರೇ ತಪ್ಪು ಮಾಡೋದು" ಅಂತ ಭಾಷಣ ಬಿಗಿದರೂ, ಸೆಮಿಸ್ಟರಿನ ಕೊನೆಗೆ ಆ ಕಂಪ್ಯೂಟರ್ ಪರದೆಯಲ್ಲಿ ಅಕ್ಷರ ಒತ್ತುವ ಬೆರಳು ನನ್ನದೇ. ಮಕ್ಕಳು ದಡ್ಡರಲ್ಲ. ಅದರಲ್ಲೂ ಆನರ್ಸ್ ಮಕ್ಕಳು. ಹೈಸ್ಕೂಲಿನಿಂದ ಒಂದೇ ಒಂದು ಬಿ ಬರದ ಹಾಗೆ ನೋಡಿಕೊಂಡು ಇಲ್ಲಿಗೆ ಬಂದವರು. ಮೇಷ್ಟ್ರ ಮುಖ ಓದುವುದರಲ್ಲಿ ಅವರಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಅವರಿಗೆ ಉಳಿದವರಿಗಿಂತ ಕಷ್ಟ.

ಗ್ರೇಡ್ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಇನ್ನೊಂದು ಅಸ್ತ್ರವೂ ನಮ್ಮ ಕೈಯಲ್ಲೇ ಇದೆ: ಶಿಫಾರಸು ಪತ್ರ. ಮೆಡಿಕಲ್ ಕಾಲೇಜಿಗೆ, ಪಿಎಚ್‌ಡಿಗೆ, ದೊಡ್ಡ ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕುವಾಗ ಥೀಸಿಸ್ ಮೇಷ್ಟ್ರ ಪತ್ರಕ್ಕೆ ಬಹಳ ತೂಕ. ಆ ಪತ್ರ ಬರೆಯಬೇಕಾದದ್ದು ಸಾಮಾನ್ಯವಾಗಿ ಕೊನೆಯ ವರ್ಷದ ಶುರುವಿನಲ್ಲಿ, ಅಂದರೆ ಥೀಸಿಸ್ ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರಿನಲ್ಲಿ ಆ ಹುಡುಗಿಗೆ ಸೀಸೆಗಳ ಹೆಸರು ಅಳಿಸಿಹೋದದ್ದು ಗೊತ್ತಾಯಿತು. ಅಕ್ಟೋಬರಿನಲ್ಲಿ ನಾನು ಅವಳಿಗೆ ಪತ್ರ ಬರೆದೆ. "ಎಚ್ಚರಿಕೆಯಿಂದ ಕೆಲಸ ಮಾಡುವವಳು" ಅಂತ ಅದರಲ್ಲಿ ಒಂದು ಸಾಲು ಇತ್ತು. ಆ ಸಾಲನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಿಗೆ ಆನರ್ಸ್ ಜೋರಾಗಿ ಹರಡಿದ್ದು ಆಮೇಲೆ. ಟೆಕ್ಸಾಸ್ ಯೂನಿವರ್ಸಿಟಿಯ ಪ್ಲ್ಯಾನ್ ಟೂ ಅನ್ನುವ ಆನರ್ಸ್ ಪ್ರೋಗ್ರಾಮ್ 1935ರಷ್ಟು ಹಳೆಯದು, ಅದು ಹೊರತು. ಆರೆಗನ್ ಯೂನಿವರ್ಸಿಟಿಯ ಆನರ್ಸ್ ಕಾಲೇಜು ಶುರುವಾದದ್ದು 1960ರಲ್ಲಿ, ಅರಿಝೋನಾ ಸ್ಟೇಟ್‌ನ ಬ್ಯಾರೆಟ್ 1988ರಲ್ಲಿ, ಪೆನ್ ಸ್ಟೇಟ್‌ನ ಶ್ರೇಯರ್ 1997ರಲ್ಲಿ. ಒಳ್ಳೆಯ ಜಾಗಗಳು, ಒಳ್ಳೆಯ ಮೇಷ್ಟ್ರುಗಳಿದ್ದಾರೆ, ನನಗೆ ಯಾರ ಮೇಲೂ ದೂರಿಲ್ಲ. ಒಟ್ಟಾರೆ ಈ ಹರಡುವಿಕೆಯಲ್ಲಿ ಸಣ್ಣ ತರಗತಿ ಬಂತು, ಥೀಸಿಸ್ ಬಂತು, ಬೇರೆ ಹಾಸ್ಟೆಲ್ಲು, ಬೇರೆಯವರಿಗಿಂತ ಮೊದಲೇ ಕ್ಲಾಸು ಆರಿಸಿಕೊಳ್ಳುವ ಸವಲತ್ತು, ಎಲ್ಲವೂ ಬಂತು. ಹೊರಗಿನ ಪರೀಕ್ಷಕರು ಮಾತ್ರ ಹೆಚ್ಚಿನ ಕಡೆ ಬರಲಿಲ್ಲ. ಯಾಕೆ ಅಂತ ಊಹಿಸುವುದು ಕಷ್ಟವೇನಲ್ಲ. ನಾಲ್ಕು ನೂರು ಥೀಸಿಸ್‌ಗಳಿಗೆ ಹೊರಗಿನಿಂದ ಜನ ಕರೆಸುವುದು, ಅವರಿಗೆ ಟಿಕೆಟ್ಟು, ಹೋಟೆಲು, ಸಂಭಾವನೆ ಕೊಡುವುದು ಅಂದರೆ ಯಾವ ಡೀನ್‌ಗೂ ತಲೆನೋವು. ಹೊಸ ಹಾಸ್ಟೆಲ್ ಕಟ್ಟಿಸಿದರೆ ಅಪ್ಪ ಅಮ್ಮಂದಿರಿಗೆ ಕರೆದು ತೋರಿಸಬಹುದು. ಪರೀಕ್ಷಕರನ್ನು ಯಾರಿಗೆ ತೋರಿಸುವುದು?

ಇದಕ್ಕೆ ನನ್ನ ಸಹೋದ್ಯೋಗಿಗಳು ಹೇಳುವ ಮಾತು ಒಂದಿದೆ. ಹೊರಗಿನವನಿಗೆ ಕೊನೆಯ ದಿನ ಕೈಗೆ ಸಿಗುವುದು ಥೀಸಿಸ್ ಮಾತ್ರ, ಆ ಹುಡುಗ ಎಲ್ಲಿಂದ ಎಲ್ಲಿಗೆ ಬಂದ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು, ಅನ್ನುತ್ತಾರೆ. ಅಪ್ಪ ಅಮ್ಮ ಕಾಲೇಜಿನ ಮುಖ ನೋಡಿರದ ಮನೆಯಿಂದ ಬಂದ ಹುಡುಗ, ಮೊದಲ ವರ್ಷ ಒಂದು ಪ್ಯಾರಾ ನೆಟ್ಟಗೆ ಬರೆಯಲಾಗದವನು, ನಾಲ್ಕನೇ ವರ್ಷ ನಲವತ್ತು ಪುಟ ಬರೆದಿದ್ದಾನೆ. ಅದರ ಬೆಲೆ ಅವನ ಮೇಷ್ಟ್ರಿಗೇ ಗೊತ್ತು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದರ ಜೊತೆಯಲ್ಲೇ ಇನ್ನೊಂದು ಇದೆ, ಅದನ್ನು ನಾವ್ಯಾರೂ ಜೋರಾಗಿ ಹೇಳುವುದಿಲ್ಲ. ನಮಗೆ ಇಷ್ಟವಾದ ಮಕ್ಕಳಿಗೆ ನಾವು ಧಾರಾಳವಾಗಿ ಕೊಡುತ್ತೇವೆ. ನಾನು ಕೊಟ್ಟಿದ್ದೇನೆ. ನಮ್ಮ ಹಾಗೇ ಮಾತಾಡುವ, ನಮ್ಮ ಜೋಕಿಗೆ ನಗುವ, ನಮ್ಮ ಪ್ರಶ್ನೆಯನ್ನೇ ತಮ್ಮ ಪ್ರಶ್ನೆ ಮಾಡಿಕೊಳ್ಳುವ ಮಕ್ಕಳು. ಎರಡು ವರ್ಷ ಜೊತೆಗೆ ದುಡಿದ ಥೀಸಿಸ್‌ಗೆ ಬಿ ಪ್ಲಸ್ ಕೊಟ್ಟರೆ ಆ ಬಿ ಪ್ಲಸ್ ನನಗೂ ಕೊಟ್ಟುಕೊಂಡ ಹಾಗೆ. ಹಾಗಾಗಿ ಎಲ್ಲವೂ ಎ.

ದುಡಿಮೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಕಡೆ ಥೀಸಿಸ್ ಮಾರ್ಗದರ್ಶನಕ್ಕೆ ಬೇರೆ ಸಂಬಳ ಇಲ್ಲ, ಇದ್ದರೂ ನೆಪಮಾತ್ರಕ್ಕೆ. ಟೆನ್ಯೂರ್, ಅಂದರೆ ಮೇಷ್ಟ್ರ ಕೆಲಸ ಕಾಯಂ ಆಗುವುದು, ಸಿಗುವುದು ಮುಖ್ಯವಾಗಿ ಸಂಶೋಧನೆಯ ಮೇಲೆ. ಈ ಕೆಲಸ "ಸರ್ವೀಸ್" ಅನ್ನುವ ಮೂರನೇ ಖಾನೆಗೆ ಹೋಗುತ್ತದೆ, ಆ ಖಾನೆಯನ್ನು ಯಾರೂ ಕಣ್ಣಿಟ್ಟು ಓದುವುದಿಲ್ಲ. ಮಕ್ಕಳು ಹುಡುಕಿಕೊಂಡು ಹೋಗುವುದು ಮುಖ ಕೊಟ್ಟು ಮಾತಾಡುವವರನ್ನು, ಅವರೇ ಪ್ರತಿ ವರ್ಷ ಐದಾರು ಥೀಸಿಸ್ ಹೊರುತ್ತಾರೆ. ಗೊಣಗುವ ಹಿರಿಯರ ಬಾಗಿಲು ಯಾರೂ ತಟ್ಟುವುದಿಲ್ಲ, ಅವರ ಪುಸ್ತಕ ಬೇಗ ಮುಗಿಯುತ್ತದೆ. ಇರಲಿ, ಇದರ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪೋಸ್ಟೇ ಆಗುತ್ತದೆ.

ಸೀಸೆಗಳ ಕಥೆಗೆ ಬರುತ್ತೇನೆ. ಐದು ವಾರದಲ್ಲಿ ಏನು ಮಾಡಲಿಕ್ಕೆ ಸಾಧ್ಯ? ಹೊಸದಾಗಿ ಹುಳ ಹಿಡಿಯುವ ಕಾಲ ಅಲ್ಲ, ತೊರೆಯ ಅಂಚಿನಲ್ಲಿ ಇನ್ನೂ ಹಿಮ ಇತ್ತು. ಆ ಮೂವತ್ತೊಂದು ಬಿಟ್ಟರೆ, ಹೆಸರು ಉಳಿದ ಬೇರೆ ಸೀಸೆಗಳು ಇಪ್ಪತ್ತಾರು. ಆ ಇಪ್ಪತ್ತಾರರ ಮೇಲೆ ಎಷ್ಟು ಹೇಳಬಹುದೋ ಅಷ್ಟೇ ಹೇಳು, ಉಳಿದದ್ದು ಯಾಕಿಲ್ಲ ಅಂತ ಒಂದು ಪುಟ ಬರೆ, ಅಂದೆ. ಅವಳು ಮೂರು ಪುಟ ಬರೆದಳು. ಇಡೀ ಥೀಸಿಸ್‌ನಲ್ಲಿ ಅವಳದೇ ಸ್ವಂತ ದನಿ ಕೇಳಿಸಿದ್ದು ಆ ಮೂರು ಪುಟಗಳಲ್ಲಿ. ಉಳಿದದ್ದೆಲ್ಲ ನನ್ನ ಪೇಪರುಗಳ ಹಾಗೆ ಇತ್ತು. ಮಂಗಳವಾರದ ಮೀಟಿಂಗ್‌ಗಳೂ ಬದಲಾದವು. ಮೊದಲೆಲ್ಲ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದವು, ಈಗ ಕಾವಲುಗಾರ ಬಂದು ಲೈಟ್ ಆರಿಸುವ ತನಕ.

ಗ್ರೇಡ್ ಏನು ಕೊಟ್ಟೆ ಅಂತ ಕೇಳಬೇಡಿ. ಅದನ್ನು ನಾನು ಕೊಡಬಾರದಿತ್ತು ಅನ್ನುವುದೇ ನನ್ನ ವಾದ.

ಮರುವರ್ಷ ನಾನೂ ಹತ್ತಿರದ ಇನ್ನೊಂದು ಕಾಲೇಜಿನ ಗೆಳತಿಯೊಬ್ಬರೂ ಒಂದು ಕದ್ದುಮುಚ್ಚಿ ವ್ಯವಸ್ಥೆ ಮಾಡಿಕೊಂಡೆವು. ನನ್ನ ಮಕ್ಕಳ ಥೀಸಿಸ್ ಅವರು ಓದುವುದು, ಅವರ ಮಕ್ಕಳದ್ದು ನಾನು. ಗ್ರೇಡ್ ಅವರು ಹೇಳಿದ್ದನ್ನೇ ನಾನು ಕಣ್ಣು ಮುಚ್ಚಿ ಹಾಕುವುದು, ಅವರೂ ಹಾಗೇ. ಖರ್ಚೂ ಇಲ್ಲ, ಟಿಕೆಟ್ಟೂ ಇಲ್ಲ, ಮೌಖಿಕ ಪರೀಕ್ಷೆ ವಿಡಿಯೋ ಕಾಲ್‌ನಲ್ಲಿ. ಸೆಪ್ಟೆಂಬರ್ ಮೊದಲ ಮೀಟಿಂಗ್‌ನಲ್ಲೇ ಮಕ್ಕಳಿಗೆ ಹೇಳಿಬಿಟ್ಟೆ: ನಿಮ್ಮ ಗ್ರೇಡ್ ನನ್ನ ಕೈಯಲ್ಲಿಲ್ಲ. ಮೊದಲು ಗಾಬರಿಯಾದರು. ಅವರ ಪಾಲಿಗೆ ನಾನು ಒಂದು ಗೊತ್ತಿದ್ದ ದೆವ್ವ, ಆಕೆ ಗೊತ್ತಿಲ್ಲದ ದೆವ್ವ. ಮೂರನೇ ವಾರ ಒಬ್ಬ ಹುಡುಗ ಬಾಗಿಲು ತಳ್ಳಿಕೊಂಡು ಬಂದು, "ಸರ್, ನನ್ನ ಅರ್ಧ ಡೇಟಾ ಕಸ" ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವನಿಗೆ ನನ್ನ ತಲೆ ಕೆಟ್ಟಿದೆ ಅನಿಸಿರಬೇಕು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಆಫೀಸಿನಲ್ಲಿ ಯಾರಿಗೋ ಗೊತ್ತಾಗಿ, ಗ್ರೇಡ್ ಕೊಡುವ ಜವಾಬ್ದಾರಿಯನ್ನು ಹೊರಗಿನವರಿಗೆ ಬಿಡುವ ಹಾಗಿಲ್ಲ ಅಂತ ಒಂದು ಇಮೇಲ್ ಬಂತು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಹಾಗಾಗಿ ನಿಯಮವನ್ನೇ ಬದಲಾಯಿಸಿ ಅಂತ ನಾಲ್ಕು ಪುಟದ ಪ್ರಸ್ತಾವ ಬರೆದುಕೊಟ್ಟಿದ್ದೇನೆ. ಮಾರ್ಗದರ್ಶಕ ಬೇರೆ, ಪರೀಕ್ಷಕ ಬೇರೆ. ಹೊರಗಿನಿಂದ ತರಲಾಗದಿದ್ದರೆ ಕಡೇ ಪಕ್ಷ ಪಕ್ಕದ ಡಿಪಾರ್ಟ್‌ಮೆಂಟಿನಿಂದ ತನ್ನಿ. ಶಿಫಾರಸು ಪತ್ರದ ವಿಷಯಕ್ಕೆ ನನ್ನ ಹತ್ತಿರವೂ ಉಪಾಯ ಇಲ್ಲ, ಹಾಗಾಗಿ ಅದರ ಬಗ್ಗೆ ಏನೂ ಬರೆದಿಲ್ಲ.

ಕಮಿಟಿ ಸಭೆ ಬುಧವಾರ. ಕಳೆದ ಸಲ ಇದು ಒಂಬತ್ತನೇ ವಿಷಯವಾಗಿತ್ತು, ಏಳನೆಯದು ಮುಗಿಯುವಷ್ಟರಲ್ಲಿ ಎಲ್ಲರೂ ಎದ್ದು ಹೋದರು. ಈ ಸಲ ನಾಲ್ಕನೆಯದು. ಆ ಸೀಸೆಗಳಲ್ಲಿ ಒಂದು ಇನ್ನೂ ನನ್ನ ಮೇಜಿನ ಮೇಲಿದೆ, ಅದನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತೇನೆ.