‘ಆಮೋರ್ ಎಟೆರ್ನೊ’ ಪ್ರೇಮಿಯ ಹಾಡಲ್ಲ

ಮೆಕ್ಸಿಕೋದ ‘ಆಮೋರ್ ಎಟೆರ್ನೊ’ (ಶಾಶ್ವತ ಪ್ರೀತಿ) ಹಾಡಿನ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ಆಮೋರ್ ಎಟೆರ್ನೊ’ ಮೂಲತಃ ಪ್ರೇಮಿಗಳ ಅಗಲಿಕೆಯ ಹಾಡು, ಸಾವಿನ ಮನೆಗೆ ಅದನ್ನು ಎಳೆದು ತಂದಿದ್ದು ಜನ ಎಂಬ ನಿಮ್ಮ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಇದನ್ನು ಬರೆದ ಮೆಕ್ಸಿಕೋದ ಗಾಯಕ ಹುವಾನ್ ಗಾಬ್ರಿಯೆಲ್ ಅವರ ತಾಯಿ ತೀರಿಕೊಂಡದ್ದು 1974ರಲ್ಲಿ. ಆ ನೋವೇ ಈ ಹಾಡು. ನಿನ್ನ ಕಣ್ಣುಗಳು ಎಂದೂ ಮುಚ್ಚಬಾರದಿತ್ತು, ಅವನ್ನು ನೋಡುತ್ತಲೇ ಇರಬೇಕಿತ್ತು ಎನ್ನುವ ಸಾಲು ಕೇಳಿ, ಬಿಟ್ಟುಹೋದ ಪ್ರೇಯಸಿಯ ಬಗ್ಗೆ ಯಾರಾದರೂ ಹಾಗೆ ಹಾಡುತ್ತಾರಾ? ಎಚ್ಚರವಾಗಿರುವುದಕ್ಕಿಂತ ನಿದ್ದೆಯೇ ವಾಸಿ ಅನ್ನುವ ಮಾತೂ ಅಲ್ಲೇ ಇದೆ. ಮನೆಯಲ್ಲಿ ಸಾವು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಸತ್ತವರು ಯಾರು ಅನ್ನುವುದನ್ನು ಹಾಡು ಎಲ್ಲೂ ಹೇಳುವುದಿಲ್ಲ, ಅದೇ ಅದರ ಶಕ್ತಿ. ಅಮ್ಮ, ಗಂಡ, ಮಗು, ಯಾರನ್ನು ಕಳೆದುಕೊಂಡವರಿಗೂ ಅದು ಸಲ್ಲುತ್ತದೆ. ಮೆಕ್ಸಿಕೋದಲ್ಲಿ ಮೇ 10ರ ಅಮ್ಮಂದಿರ ದಿನ ಸಮಾಧಿಗಳ ಮುಂದೆ ಮರಿಯಾಚಿಗಳು (ಅಲ್ಲಿನ ಸಾಂಪ್ರದಾಯಿಕ ವಾದ್ಯಮೇಳದವರು) ಇದನ್ನೇ ನುಡಿಸುತ್ತಾರೆ. 2019ರಲ್ಲಿ ಅಮೆರಿಕದ ಟೆಕ್ಸಸ್‌ನ ಎಲ್ ಪಾಸೊ ನಗರದ ಗುಂಡಿನ ದಾಳಿಯಲ್ಲಿ ಸತ್ತವರಿಗಾಗಿ ಹಾಡಿದ್ದೂ ಇದನ್ನೇ.

ಇನ್ನೊಂದು ಮಾತು. 1984ರಲ್ಲಿ ಸ್ಪೇನಿನ ಗಾಯಕಿ ರೊಸಿಯೊ ದುರ್ಕಾಲ್ ಹಾಡಿದ್ದು ಸೊಗಸಾಗಿದೆ, ಇದನ್ನು ಮನೆಮಾತು ಮಾಡಿದ್ದೂ ಅವರೇ. ಆದರೆ 1990ರಲ್ಲಿ ಮೆಕ್ಸಿಕೋ ನಗರದ ಬೆಲ್ಲಾಸ್ ಆರ್ಟೆಸ್ ಕಲಾಭವನದ ವೇದಿಕೆಯಲ್ಲಿ ಗಾಬ್ರಿಯೆಲ್ ತಾವೇ ಹಾಡಿದ್ದನ್ನು ನೀವು ‘ಅತಿ ನಾಟಕೀಯ’ ಅಂದುಬಿಟ್ಟಿರಿ. ಅಲ್ಲಿ ಅವರು ಒಂದೊಂದು ಸಾಲನ್ನೂ ಎಳೆದು, ತಡೆದು, ಮುಂದಕ್ಕೆ ಹೋಗಲು ಮನಸ್ಸಿಲ್ಲದವರಂತೆ ಹಾಡುತ್ತಾರೆ. ಹೆತ್ತವಳಿಗಾಗಿ ಅಳುವ ಮಗನಿಗೆ ಅಳತೆ ಮೀರಬೇಡ ಅನ್ನುವುದು ಯಾವ ನ್ಯಾಯ? ದಯವಿಟ್ಟು ಅದನ್ನು ಇನ್ನೊಮ್ಮೆ ಪೂರ್ತಿ ಕೇಳಿ.