‘ಇಲ್ಲ’ ಅನ್ನುವುದಕ್ಕೆ ರಾತ್ರಿಗೆ 32,000

ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತು ಅಂತ ಬೆಂಗಳೂರಿನ ಮಗ ಒಂದು ಉಡುಗೊರೆ ಕೊಟ್ಟ. ಮೂಡಿಗೆರೆಯಿಂದ ಆಚೆ, ಕಾಫಿ ತೋಟದ ನಡುವೆ ಒಂದು ವಿಲ್ಲಾದಲ್ಲಿ ಎರಡು ರಾತ್ರಿ. ಇಡೀ ಗುಡ್ಡಕ್ಕೆ ಆರೇ ವಿಲ್ಲಾ. ಒಂದರಿಂದ ಇನ್ನೊಂದು ಕಾಣುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ‘ಅಪ್ಪಾ, ಅಲ್ಲಿ ಟಿವಿ ಇಲ್ಲ, ನೆಟ್‌ವರ್ಕ್ ಇಲ್ಲ, ಅಕ್ಕಪಕ್ಕ ಯಾರೂ ಇಲ್ಲ, ರಸ್ತೆನೂ ಸರಿಯಾಗಿಲ್ಲ!’ ಅಂತ ಫೋನಿನಲ್ಲಿ ಕುಣಿದಾಡಿದ.

ಇದೇ ಮಾತನ್ನು ನಾನು ಇಪ್ಪತ್ತು ವರ್ಷದ ಹಿಂದೆ ಕೇಳಿದ್ದೆ. ಕೊಪ್ಪದ ಹತ್ತಿರ ನಮ್ಮ ಅಜ್ಜನ ಮನೆ ಮಾರುವಾಗ ದಲ್ಲಾಳಿ ಬೆರಳು ಮಡಿಸುತ್ತಾ ಹೇಳಿದ್ದು ಇದನ್ನೇ. ಟಿವಿ ಬರಲ್ಲ, ಫೋನ್ ಸಿಗಲ್ಲ, ಅಕ್ಕಪಕ್ಕ ಮನೆಯಿಲ್ಲ, ರಸ್ತೆಯಿಲ್ಲ. ಒಂದೊಂದು ಬೆರಳು ಮಡಿಸಿದಾಗಲೂ ಒಂದೊಂದು ಲಕ್ಷ ಇಳಿಸಿದ. ಈಗ ಅದೇ ನಾಲ್ಕು ಬೆರಳಿಗೆ ರಾತ್ರಿಗೆ 32,000. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 5,760. ದಿನಕ್ಕೆ ಏಳೂವರೆ ಸಾವಿರ ದಾಟಿದ ರೂಮಿಗೆಲ್ಲ ಅದೇ ಪರ್ಸೆಂಟ್ ಬೀಳುತ್ತದೆ. ಇರುವುದಕ್ಕೆ ತೆರಿಗೆ ಹಾಕುತ್ತಾರೆ ಅಂತ ಗೊತ್ತಿತ್ತು. ಇಲ್ಲದ್ದಕ್ಕೂ ಹಾಕುತ್ತಾರೆ ಅಂತ ಬಿಲ್ಲು ನೋಡಿದ ಮೇಲೆ ಗೊತ್ತಾಯಿತು.

ಕೊನೆಯ ನಾಲ್ಕು ಕಿಲೋಮೀಟರು ಜೀಪಿನಲ್ಲೇ ಹೋಗಬೇಕು. ಹೊಂಡ ಹಾರಿ ಹಾರಿ ನನ್ನ ಸೊಂಟ ಲಟಕ್ ಅಂತು. ಗೇಟಿನಲ್ಲಿ ಮ್ಯಾನೇಜರ್ ಕೈ ಮುಗಿದು, ‘ಬೇಕಂತಲೇ ಟಾರ್ ಹಾಕಿಸಿಲ್ಲ ಸಾರ್, ಅದೇ ಎಕ್ಸ್‌ಪೀರಿಯೆನ್ಸು’ ಅಂದರು. ಬ್ಯಾಗು ಇಳಿಸುತ್ತಿದ್ದ ಜೀಪಿನ ಹುಡುಗ ಮೆಲ್ಲಗೆ ಹೇಳಿದ: ‘ನಮ್ಮೂರ ರಸ್ತೆಗೂ ಹಾಕಿಲ್ಲ ಸಾರ್. ಅದು ಬೇಕಂತ ಅಲ್ಲ.’

ವಿಲ್ಲಾ ಒಳಗೆ ಕಾಲಿಟ್ಟರೆ ನಮ್ಮ ಹಳೇ ಅಡುಗೆಮನೆಯನ್ನು ಯಾರೋ ಗರಗರ ತಿರುಗಿಸಿ ಚೆಲ್ಲಿದ ಹಾಗಿತ್ತು. ತಾಮ್ರದ ಹಂಡೆಯಲ್ಲಿ ಒಣಹುಲ್ಲಿನ ಹೂಗುಚ್ಛ. ಬೀಸುವ ಕಲ್ಲಿನ ಮೇಲೆ ಗಾಜು ಹಾಸಿ ಟೀಪಾಯಿ. ಒರಳಿನಲ್ಲಿ ನೀರು ತುಂಬಿ ನಾಲ್ಕು ದಾಸವಾಳ ತೇಲಿಬಿಟ್ಟು, ಕಾಲು ಅದ್ದಿ ಕೂರಲು ಪಕ್ಕದಲ್ಲೊಂದು ಮಣೆ. ಹಿಟ್ಟು ರುಬ್ಬುವ ಒರಳಿಗೆ ಕಾಲು ಹಾಕುವುದಾ ಅಂತ ನನ್ನ ಹೆಂಡತಿ ಎರಡು ಸಲ ಕೆನ್ನೆ ಬಡಿದುಕೊಂಡಳು. ಆಮೇಲೆ ಹಂಡೆ ಸುತ್ತ ಒಂದು ಪ್ರದಕ್ಷಿಣೆ ಬಂದು, ‘ರೀ, ಅತ್ತೆ ಇಂಥದ್ದನ್ನೇ ಗುಜರಿಯವನಿಗೆ ಕೊಟ್ಟು ಎರಡು ಪ್ಲಾಸ್ಟಿಕ್ ಬಕೆಟ್ ತಗೊಂಡಿದ್ರು’ ಅಂದಳು. ಆ ಬಕೆಟ್ಟುಗಳು ಎಲ್ಲಿ ಹೋದವೋ!

ಬಚ್ಚಲಿಗೆ ಸೂರಿರಲಿಲ್ಲ. ನಮ್ಮ ಊರ ಮನೆಯ ಬಚ್ಚಲಿಗೂ ಒಂದು ಮಳೆಗಾಲದಲ್ಲಿ ಇರಲಿಲ್ಲ. ಹಂಚು ಹಾರಿಹೋಗಿತ್ತು. ಅಪ್ಪ ಅದನ್ನು ಸರಿಮಾಡಿಸುವ ತನಕ ಅಮ್ಮ ದಿನಾ ಬೈದಿದ್ದಳು. ಇಲ್ಲಿ ಅದಕ್ಕೆ ‘ಓಪನ್ ಟು ಸ್ಕೈ’ ಅಂತ ಬೋರ್ಡು. ಮೇಲೊಂದು ಹಲಸಿನ ಮರ, ಮರದಲ್ಲೊಂದು ಮಂಗ. ಹೆಂಡತಿ ಬೆಡ್‌ಶೀಟನ್ನು ನಾಲ್ಕೂ ಮೂಲೆಗೆ ಕಟ್ಟಿ ಸ್ನಾನ ಮಾಡಿದಳು. ಮಧ್ಯಾಹ್ನ ಹೌಸ್‌ಕೀಪಿಂಗಿನವರು ಬಂದು ಅದನ್ನು ಬಿಚ್ಚಿ, ಮಡಿಸಿ, ಮೇಲೊಂದು ಚಾಕಲೇಟ್ ಇಟ್ಟು ಹೋಗಿದ್ದರು.

ಹೊರಗೆ ನಮಗೇ ಅಂತ ಒಂದು ಈಜುಕೊಳ. ಹೊರಗಿನ ಅಂಚು ಕಾಣದ ಹಾಗೆ ಕಟ್ಟಿದ್ದಾರೆ, ನೀರು ಸೀದಾ ಆಕಾಶಕ್ಕೆ ಸೇರಿದಂತೆ ಕಾಣಬೇಕಂತೆ. ಜುಲೈ ತಿಂಗಳು, ಮಳೆ ಜಡಿಯುತ್ತಿತ್ತು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಇಲ್ಲಿ ಅಷ್ಟಿಲ್ಲದಿದ್ದರೂ ನೆನೆಯಲು ಕೊಳ ಕಟ್ಟಿಸಬೇಕಾದ ಬರವೇನೂ ಇಲ್ಲ. ಸುಮ್ನೆ ಅಂಗಳದಲ್ಲಿ ನಿಂತರೆ ಸಾಕು. ಆದರೂ ದುಡ್ಡು ಕೊಟ್ಟಿದ್ದೇವಲ್ಲ, ಇಳಿದೆ. ತಲೆ ಮೇಲೆ ತಣ್ಣೀರು, ಕುತ್ತಿಗೆ ಕೆಳಗೆ ಬಿಸಿನೀರು. ಅಂಚಿನ ತನಕ ಈಜಿ ಕೆಳಗೆ ಇಣುಕಿದೆ. ಆಕಾಶ ಇರಲಿಲ್ಲ. ಕೊಳಕ್ಕೆ ಜಾಗ ಮಾಡಲು ಜೆಸಿಬಿಯಲ್ಲಿ ಕೊರೆದ ಗುಡ್ಡದ ಕೆಂಪು ಮಣ್ಣಿತ್ತು, ಅದಕ್ಕೆ ಹೊದಿಸಿದ ನೀಲಿ ಟಾರ್ಪಾಲಿತ್ತು. 2019ರ ಆಗಸ್ಟಿನಲ್ಲಿ ಇದೇ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಜನ ಮನೆ ತೋಟ ಕಳೆದುಕೊಂಡರು. ಅದು ನೆನಪಾಗಿ, ಈಜುವುದು ಬಿಟ್ಟು ಮೆಟ್ಟಿಲ ಹತ್ತಿರವೇ ಕೂತೆ.

ರಾತ್ರಿ ಊಟಕ್ಕೆ ದೊಡ್ಡ ಕಪ್ಪು ತಟ್ಟೆಯಲ್ಲಿ ಮೂರು ತುಂಡು ಪತ್ರೊಡೆ ಬಂತು. ‘ಕಾಡಿನಿಂದ ಕೈಯಾರೆ ಆಯ್ದ ಎಲೆ ಸಾರ್’ ಅಂತ ಶೆಫ್ ವಿವರಿಸಿದರು. ಕೆಸುವನ್ನು ನಾವೆಲ್ಲ ಕೈಯಾರೆಯೇ ಆಯುತ್ತಿದ್ದೆವು, ಕಾಲಲ್ಲಿ ಆಯಲು ಬರುವುದಿಲ್ಲ. ರುಚಿ ಮಾತ್ರ ಚೆನ್ನಾಗಿತ್ತು. ಇನ್ನೊಂದು ತಟ್ಟೆ ಕೇಳುವ ಮೊದಲು ರೇಟು ನೋಡಿ ಸುಮ್ಮನಾದೆ.

ಮರುದಿನ ‘ಹೆರಿಟೇಜ್ ವಾಕ್’. ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತದ ಹಾಗೆ ಮೊಣಕಾಲ ತನಕ ಕಾಲುಚೀಲ ಕೊಟ್ಟರು. ಅಜ್ಜಿ ಸುಣ್ಣ, ಹೊಗೆಸೊಪ್ಪು ಬೆರೆಸಿ ಉಜ್ಜಿ ಕಳಿಸುತ್ತಿದ್ದಳು, ಅದಕ್ಕೆ ಬಿಲ್ಲಿರಲಿಲ್ಲ. ತೋಟದ ನಡುವಿನ ಹಳ್ಳಕ್ಕೆ ಬಂದಾಗ ಗೈಡು ಕೈ ಚಾಚಿ ತೋರಿಸಿದ. ‘ಇದು ನಮ್ಮ ಫೋಟೊ ಪಾಯಿಂಟು.’

ಕಾಲುಸಂಕ. ಎರಡು ಅಡಿಕೆ ಮರ ಉದ್ದಕ್ಕೆ ಹಾಸಿ, ಬಳ್ಳಿ ಸುತ್ತಿದ ಒಂದು ಬಿದಿರ ಹಿಡಿಕೆ. ಹೋದ ವರ್ಷ ಹೊಸದಾಗಿ ಕಟ್ಟಿಸಿದ್ದಂತೆ. ಹತ್ತು ಹೆಜ್ಜೆ ಆಚೆ ಜೀಪು ಹೋಗುವ ಸಿಮೆಂಟಿನ ಮೋರಿ ಇತ್ತು. ಹಳೇದು ಕಾಣಬೇಕು ಅಂತ ಅಡಿಕೆ ಮರಕ್ಕೆ ಪಾಚಿ ಬೆಳೆಸಿದ್ದಾರೆ. ಜಾರಬಾರದು ಅಂತ ಪಾಚಿಯ ಕೆಳಗೆ ಕಬ್ಬಿಣದ ಪಟ್ಟಿ ಹೊಡೆದಿದ್ದಾರೆ. ಯಾರಾದರೂ ಬಿದ್ದರೆ ಅಂತ ಕೆಳಗೆ ಬಲೆಯೂ ಇತ್ತು.

ಬಲೆಯನ್ನು ನೋಡುತ್ತಾ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಮಲೆನಾಡು, ಕರಾವಳಿಯ ಎಷ್ಟೋ ಊರಿನವರು ಈ ಸಂಕ ತೆಗೆದು ಸೇತುವೆ ಕೊಡಿ ಅಂತ ಅರ್ಜಿ ಬರೆದೇ ಮುದುಕರಾಗಿದ್ದಾರೆ. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಬರುತ್ತಿದ್ದ ಒಂದು ಪುಟ್ಟ ಮಗು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾಯಿತು. ಅಲ್ಲಿ ಬಲೆ ಇರಲಿಲ್ಲ. ‘ಸಾರ್, ಸ್ಮೈಲ್’ ಅಂದ ಗೈಡು. ನಕ್ಕೆ. ಫೋಟೊದಲ್ಲಿ ಹಲ್ಲುನೋವು ಬಂದವನ ಹಾಗೆ ಕಾಣುತ್ತೇನೆ.

ಇನ್ನು ‘ಡಿಜಿಟಲ್ ಡಿಟಾಕ್ಸ್’ ವಿಷಯ. ಮೊದಲ ದಿನವೇ ಒಂದು ಮರದ ಪೆಟ್ಟಿಗೆ ಕೊಟ್ಟು, ಫೋನನ್ನು ಇದರಲ್ಲಿಟ್ಟು ಮರೆತುಬಿಡಿ ಅಂದಿದ್ದರು. ಹೇಗಿದ್ದರೂ ನೆಟ್‌ವರ್ಕ್ ಇಲ್ಲ, ಇಟ್ಟೆವು. ಎರಡನೇ ರಾತ್ರಿ ಎಂಟೂವರೆಗೆ ನೋಡುತ್ತೇನೆ, ಪೆಟ್ಟಿಗೆ ಖಾಲಿ, ಹೆಂಡತಿಯೂ ಇಲ್ಲ. ಟಾರ್ಚು ಹಿಡಿದು ಹುಡುಕುತ್ತಾ ಅಡುಗೆಮನೆ ದಾಟಿ, ಕೆಲಸದವರ ಲೈನ್ ಮನೆ ದಾಟಿ, ಪಂಪ್‌ಹೌಸಿನ ದಿಬ್ಬ ಹತ್ತಿದೆ. ಅಲ್ಲಿ ಜಾತ್ರೆ. ಆರು ವಿಲ್ಲಾದವರೂ ಬಂದಿದ್ದರು. ಒಬ್ಬರಿಗೊಬ್ಬರು ಕಾಣಬಾರದು ಅಂತ ಅಷ್ಟು ದುಡ್ಡು ಕೊಟ್ಟವರು ಒಂದೇ ಕೊಡೆಯಡಿ ಮೂರು ಮೂರು ಜನ ನಿಂತಿದ್ದರು. ಒಬ್ಬರು ಆಫೀಸಿನವರಿಗೆ ಬೈಯುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿ ಬೆನ್ನಿಗೆ ಬೆನ್ನು ತಿರುಗಿಸಿ ಅವರವರ ಅಮ್ಮಂದಿರ ಜೊತೆ ಮಾತಾಡುತ್ತಿತ್ತು. ನನ್ನ ಹೆಂಡತಿ ಮಗನಿಗೆ ಹೇಳುತ್ತಿದ್ದಳು: ‘ತುಂಬಾ ಶಾಂತವಾಗಿದೆ ಕಣೋ.’

ಜೀಪಿನ ಹುಡುಗನೂ ಅಲ್ಲಿದ್ದ. ಅವನೂರಲ್ಲೂ ಟವರ್ ಇಲ್ಲ. 2021ರಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಮಳೆಯಲ್ಲಿ ಮಗಳು ಆನ್‌ಲೈನ್ ಕ್ಲಾಸು ಕೇಳುತ್ತಾ, ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲಾ ಓಡಾಡಿತ್ತಲ್ಲ, ಇವನು ಪಿಯುಸಿ ಪಾಠ ಕೇಳಿದ್ದೂ ಹಾಗೇ ಅಂತೆ. ಅವರೂರಿನವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬ್ಯಾನರನ್ನೂ ಕಟ್ಟಿದ್ದರಂತೆ. ಕಟ್ಟಿದ ಬ್ಯಾನರು ಈಗ ಅವನ ಮನೆಯ ಸೌದೆ ಕೊಟ್ಟಿಗೆಗೆ ಹೊದಿಕೆ.

ನಾನೂ ಫೋನು ಎತ್ತಿ ಹಿಡಿದು ಆಚೀಚೆ ತಿರುಗಿದೆ. ಏನೂ ಸಿಗಲಿಲ್ಲ. ಹುಡುಗ ತಾನು ನಿಂತಿದ್ದ ಕಲ್ಲಿನಿಂದ ಕೆಳಗಿಳಿದು ಜಾಗ ಬಿಟ್ಟ.

‘ಇದರ ಮೇಲೆ ನಿಂತ್ಕೊಳ್ಳಿ ಸಾರ್, ಎರಡು ಕಡ್ಡಿ ಬರುತ್ತೆ. ಅಲ್ಲಾಡಬೇಡಿ.’