ಫೆಲ್ ಥ್ರೂ ಅಂದರೆ ಮುರಿದುಬಿತ್ತು

ಊರು ಬಿಟ್ಟು ಇಂಗ್ಲಿಷ್ ಆಡುವ ನಾಡಿಗೆ ಬಂದ ಮೊದಲ ವರ್ಷದ ಮಾತು. ಬಾಡಿಗೆಗೆ ಒಂದು ಮನೆ ನೋಡಿ ಒಪ್ಪಿಕೊಂಡಿದ್ದೆವು. ಕಾಗದಪತ್ರ ಆಗುವುದು ಮಾತ್ರ ಬಾಕಿ. ಒಂದು ಸಂಜೆ ಮಧ್ಯವರ್ತಿ ಫೋನ್ ಮಾಡಿ, ‘ದ ಹೌಸ್ ಫೆಲ್ ಥ್ರೂ’ ಅಂದರು. ನನ್ನ ಕಿವಿಗೆ ಬಿದ್ದದ್ದು ಥ್ರೂ ಒಂದೇ. ಇಂಟರ್‌ವ್ಯೂ ಥ್ರೂ ಆಯ್ತು ಅಂತ ನಾವು ಹೇಳುತ್ತೇವಲ್ಲ, ಆ ಥ್ರೂ. ಖುಷಿಯಿಂದ ‘ಥ್ಯಾಂಕ್ ಯೂ ಸೋ ಮಚ್’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಆಕೆ ನಿಧಾನವಾಗಿ, ಬೇರೆ ಪದಗಳಲ್ಲಿ, ಆ ಮನೆ ಸಿಗುವುದಿಲ್ಲ ಅಂತ ಬಿಡಿಸಿ ಹೇಳಿದರು. ಅರ್ಧ ಕಟ್ಟಿದ್ದ ಪೆಟ್ಟಿಗೆಗಳ ನಡುವೆ ಕೂತು ಹೆಂಡತಿಗೆ ಆ ಸುದ್ದಿ ಹೇಳಿದ್ದು ಇವತ್ತಿಗೂ ನೆನಪಿದೆ.

ಗೋ ಥ್ರೂ ಅಂದರೆ ಕೆಲಸ ಆಯಿತು. ಫಾಲ್ ಥ್ರೂ ಅಂದರೆ ಕೆಟ್ಟಿತು. ಬಾಲ ಒಂದೇ, ತಲೆ ಬೇರೆ. ಇದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟದ್ದು ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್. ದೊಡ್ಡ ಪದ ಬಂದರೆ ಒಳ್ಳೆ ಇಂಗ್ಲಿಷ್ ಅನ್ನುವ ನಂಬಿಕೆ. ಅದೇ ಅರ್ಥಕ್ಕೆ ಇಲ್ಲಿ ಜನ ದಿನವಿಡೀ ಆಡುವುದು ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು. ಹೀಗೆ ಕ್ರಿಯಾಪದಕ್ಕೆ ಸಣ್ಣ ಬಾಲ ಅಂಟಿ ಬೇರೆ ಅರ್ಥ ಕೊಡುವ ಮಾತಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ಪುಟ್, ಲುಕ್, ಅಪ್, ಆಫ್ ಎಲ್ಲ ಆ ಭಾಷೆಯ ಹಳೆಯ ಪದಗಳು. ಟಾಲರೇಟ್ ತರಹದವು ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದವು. 1066ರಲ್ಲಿ ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆ ದಾರಿ ದೊಡ್ಡದಾಯಿತು. ಮನೆಗೆ ಒಂದು ಮಾತು, ಕಾಗದಕ್ಕೆ ಒಂದು ಮಾತು. ನಮ್ಮಲ್ಲೂ ಹಾಗೇ ಅಲ್ವಾ? ಬರೆಯುವಾಗ ‘ಸ್ವೀಕರಿಸಿ’, ಬಾಯಲ್ಲಿ ‘ತಗೋ’.

ಆ ‘ತಗೋ’ವನ್ನೇ ಒಮ್ಮೆ ಬಿಡಿಸಿ ನೋಡಿ. ತೆಗೆದು, ಕೊಳ್ಳು. ಎರಡು ಕ್ರಿಯಾಪದ ಅಂಟಿಕೊಂಡು ಹುಟ್ಟಿದ ಒಂದು ಮಾತು. ಇದು ನನಗೆ ಹೊಳೆದದ್ದು ಕನ್ನಡದ ಹುಡುಗಿಯನ್ನು ಮದುವೆಯಾದ, ಇಲ್ಲಿಯವನೇ ಆದ ಒಬ್ಬ ಸಹೋದ್ಯೋಗಿಯಿಂದ. ಹೆಂಡತಿಯ ಮನೆಯವರ ಜೊತೆ ಮಾತಾಡಬೇಕು ಅಂತ ಕನ್ನಡ ಕಲಿಯುತ್ತಿದ್ದ. ಒಂದು ದಿನ ಚೀಟಿ ಹಿಡಿದು ಬಂದ. ಹೇಳಿದ, ಹೇಳಿಬಿಟ್ಟ, ಹೇಳಿಕೊಟ್ಟ, ಹೇಳಿಕೊಂಡ, ಹೇಳಿ ನೋಡಿದ, ಹೇಳಿ ಕಳಿಸಿದ. ಎಲ್ಲದರಲ್ಲೂ ಹೇಳು ಇದೆ, ಮತ್ತೆ ಯಾಕೆ ಇಷ್ಟೊಂದು ಅಂತ ಕೇಳಿದ. ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಹೇಳಿಕೊಟ್ಟರೆ ಪಾಠ. ಹೇಳಿಕೊಂಡರೆ ಮನಸ್ಸಿನ ಭಾರ ಇಳಿಸಿದ ಹಾಗೆ. ಹೇಳಿಬಿಟ್ಟರೆ ಮಾತು ಬಾಯಿಂದ ಹೊರಟೇ ಹೋಯಿತು, ವಾಪಸ್ ಬರಲ್ಲ. ಬಿಡು ಅನ್ನುವ ಪದದ ಅರ್ಥ ಹಿಡಿದುಕೊಂಡು ಹೋದರೆ ಇದು ಸಿಗುವುದೇ ಇಲ್ಲ. ನಾನು ಅಪ್, ಔಟ್‌ಗಳ ಜೊತೆ ಒದ್ದಾಡಿದ ಹಾಗೇ ಅವನು ನಮ್ಮ ಬಿಡು, ಕೊಡುಗಳ ಜೊತೆ ಒದ್ದಾಡುತ್ತಿದ್ದ.

ಅಂದಿನಿಂದ ನಾನು ಕಲಿಯುವ ದಾರಿ ಬದಲಾಯಿತು. ಈಟ್ ಅಪ್ ಅಂದರೆ ತಿಂದುಬಿಡು. ಅಲ್ಲಿನ ಅಪ್ ಮಾಡುವ ಕೆಲಸ ನಮ್ಮ ಬಿಡು ಮಾಡುತ್ತದೆ. ರೀಡ್ ಆನ್ ಅಂದರೆ ಓದುತ್ತಾ ಹೋಗು. ಟ್ರೈ ಇಟ್ ಆನ್ ಅಂದರೆ ಹಾಕಿಕೊಂಡು ನೋಡು. ಫೆಲ್ ಥ್ರೂ? ಮುರಿದುಬಿತ್ತು. ಅಲ್ಲೂ ಬೀಳುವುದೇ, ಇಲ್ಲೂ ಬೀಳುವುದೇ! ಎಲ್ಲವೂ ಹೀಗೆ ಹೊಂದುವುದಿಲ್ಲ, ಒಪ್ಪುತ್ತೇನೆ. ಟರ್ನ್ ಡೌನ್ ಅಂದರೆ ಸದ್ದು ಕಡಿಮೆ ಮಾಡುವುದೂ ಹೌದು, ಬೇಡ ಅನ್ನುವುದೂ ಹೌದು. ಟರ್ನ್ ಅಪ್ ಅಂದರೆ ಸದ್ದು ಜಾಸ್ತಿ ಮಾಡುವುದು, ಜೊತೆಗೆ ಬಂದು ಸೇರುವುದು. ಇವನ್ನು ವಾಕ್ಯದಲ್ಲಿ ಕೇಳಿ ಕೇಳಿಯೇ ಹಿಡಿಯಬೇಕು. 1755ರಲ್ಲಿ ತನ್ನ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಪರದೇಶದವರಿಗೆ ತುಂಬ ಕಷ್ಟ ಕೊಡುವುದು ಇವೇ ಅಂತ ಮುನ್ನುಡಿಯಲ್ಲಿ ಬರೆದಿದ್ದಾನೆ. ಅದನ್ನು ಓದಿದಾಗ ನನಗೆ ನಿಜವಾಗಿ ಸಮಾಧಾನವಾಯಿತು.

ಕಿವಿಯಿಂದ ಕಲಿಯುವುದು ಏನು ಅಂತ ತೋರಿಸಿದವಳು ನನ್ನ ಮಗಳು. ಎರಡು ವರ್ಷದವಳಿದ್ದಾಗ ನನ್ನ ಕಾಲು ಹಿಡಿದು ‘ಎತ್ಕೋ’ ಅನ್ನುತ್ತಿದ್ದಳು. ಎತ್ತು ಅಂತ ಒಂದು ಸಲವೂ ಅಂದವಳಲ್ಲ. ಡೇಕೇರ್‌ಗೆ ಹೋಗಲು ಶುರು ಮಾಡಿದ ಮೇಲೆ ‘ಪಿಕ್ ಮಿ ಅಪ್’ ಬಂತು. ಅದೂ ಮೊದಲ ದಿನದಿಂದಲೇ ‘ಮಿ’ ನಡುವೆ. ‘ಪಿಕ್ ಅಪ್ ಮಿ’ ಅವಳ ಬಾಯಲ್ಲಿ ಬರಲೇ ಇಲ್ಲ. ಒತ್ತು ಬೀಳುತ್ತಿದ್ದದ್ದು ಅಪ್ ಮೇಲೆ. ನನಗಾದರೋ ‘ಟರ್ನ್ ಆಫ್ ಇಟ್’ ಅನ್ನುವುದನ್ನು ಬಿಟ್ಟು ‘ಟರ್ನ್ ಇಟ್ ಆಫ್’ಗೆ ಬರಲು ವರ್ಷಗಳೇ ಹಿಡಿದವು. ‘ಟರ್ನ್ ಆಫ್ ದ ಲೈಟ್’ ಸರಿಯಾದರೆ ‘ಟರ್ನ್ ಆಫ್ ಇಟ್’ ಯಾಕೆ ತಪ್ಪು ಅಂತ ತಲೆ ಕೆಡಿಸಿಕೊಂಡಿದ್ದೆ. ಇಟ್, ಮಿ, ದೆಮ್ ಬಂದರೆ ನಡುವೆಯೇ ಕೂರಬೇಕು, ಅಷ್ಟೇ. ಹಾಗಂತ ಲುಕ್ ಆಫ್ಟರ್ ಅನ್ನು ಒಡೆಯಬಾರದು. ಅಲ್ಲಿ ‘ಲುಕ್ ಆಫ್ಟರ್ ಹರ್’ ಒಂದೇ ಸರಿ.

ನಾವು ಬೇಡದ ಕಡೆ ಬಾಲ ಸೇರಿಸುವುದೂ ಉಂಟು. ಕೋಪ್ ಅಪ್ ವಿತ್ ಅನ್ನುತ್ತೇವೆ, ಕೋಪ್ ವಿತ್ ಸಾಕು. ಕೀಪ್ ಅಪ್ ವಿತ್, ಪುಟ್ ಅಪ್ ವಿತ್ ಕೇಳಿ ಕೇಳಿ ಆ ಅಪ್ ಇಲ್ಲಿಗೂ ಬಂದಿರಬೇಕು.

ಈಗಲೂ ಮಕ್ಕಳಿಗೆ ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪುಟ್ ಆಫ್, ಪುಟ್ ಆನ್, ಪುಟ್ ಔಟ್ ಅಂತ ಸಾಲಾಗಿ ಬರೆದರೆ ಮಾರನೇ ದಿನಕ್ಕೆ ಎಲ್ಲ ಕಲಸಿಹೋಗುತ್ತವೆ. ಪಟ್ಟಿಯ ಬದಲು ಮಗುವಿನ ಕೈಗೆ ಒಂದೊಂದು ವಾಕ್ಯ ಕೊಡಿ, ಆ ಸಂದರ್ಭದಲ್ಲಿ ಮನೆಯಲ್ಲಿ ಏನನ್ನುತ್ತೇವೆ ಅಂತ ಕೇಳಿ. ಹೇಳಿಬಿಟ್ಟ, ಹೇಳಿಕೊಂಡಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಆಗಲೇ ಗೊತ್ತಿರುವ ಮಗು ಅದು.

ನನ್ನ ನೋಟ್‌ಬುಕ್‌ನಲ್ಲಿ ಎಡಕ್ಕೆ ಕೇಳಿದ ವಾಕ್ಯ, ಬಲಕ್ಕೆ ಕನ್ನಡ. ಈ ವಾರ ಸಿಕ್ಕಿದ್ದು ‘ಶೀ ಟಾಕ್ಡ್ ಮಿ ಔಟ್ ಆಫ್ ಇಟ್’. ಅದಕ್ಕೆ ಸರಿಯಾದ ಕನ್ನಡ ಇನ್ನೂ ಕೂತಿಲ್ಲ. ಸದ್ಯಕ್ಕೆ ‘ಮಾತಾಡಿ ಮಾತಾಡಿ ಬೇಡ ಅನ್ನಿಸಿಬಿಟ್ಟಳು’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.